ಶ್ರುತಿ ಮತ್ತು ವಿದ್ಯುತ್: ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ ಧ್ವನಿವರ್ಧಕ ಹಾಗೂ ವಿದ್ಯುನ್ಮಾನ ವಾದ್ಯಗಳ ಇತಿಹಾಸ

ಕರ್ನಾಟಕದ ವಿದ್ಯುತ್ ಇತಿಹಾಸವನ್ನು ಅಣೆಕಟ್ಟು, ಉತ್ಪಾದನಾ ಕೇಂದ್ರ ಮತ್ತು ಮೆಗಾವಾಟುಗಳ ಲೆಕ್ಕದಲ್ಲಿ ಬರೆಯುವುದು ರೂಢಿಯಾಗಿದೆ. ಕರ್ನಾಟಕದ ಸಂಗೀತ ಇತಿಹಾಸವನ್ನು ವಾಗ್ಗೇಯಕಾರರು, ಗಾಯಕರು ಮತ್ತು ಆಶ್ರಯದಾತರ ಹೆಸರುಗಳಲ್ಲಿ ಬರೆಯಲಾಗಿದೆ. ಇವೆರಡೂ ಸಂಧಿಸುವ ಒಂದು ಎಡೆಯಿದೆ. ಅದು ಹಳ್ಳಿಯ ನಾಟಕದ ಅಟ್ಟದ ಪಕ್ಕದಲ್ಲಿ, ಜಾತ್ರೆಯ ಚಪ್ಪರದ ಮೂಲೆಯಲ್ಲಿ, ಭಜನೆಯ ಗುಡಿಯ ಕಿಟಕಿಯ ಬಳಿ ಇಟ್ಟಿರುವ ಧ್ವನಿವರ್ಧಕದ ಪೆಟ್ಟಿಗೆ. ಈ ಪೆಟ್ಟಿಗೆಗೆ ಯಾವ ಗುಣದ ವಿದ್ಯುತ್ ಬಂದಿತು, ಬಾರದೆ ಹೋದಾಗ ಏನಾಯಿತು, ಕೆಟ್ಟದ್ದನ್ನು ಹೇಗೆ ಸರಿಪಡಿಸಲಾಯಿತು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಕೇವಲ ತಾಂತ್ರಿಕವೆನಿಸಬಹುದು. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಧ್ವನಿಮುದ್ರಿತವಾದ ಜನಪದ ಗಾಯನ ಮತ್ತು ರಂಗಗೀತೆಗಳನ್ನು ಆಕರವಾಗಿ ಬಳಸುವ ಸಂಶೋಧಕರಿಗೆ ಇವು ಆಕರ ವಿಮರ್ಶೆಯ ಪ್ರಶ್ನೆಗಳೇ ಆಗಿವೆ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಕೇಂದ್ರವಾಗಿರಿಸಿಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ಸಾಂಸ್ಕೃತಿಕ ಹಿನ್ನೆಲೆ

ಈ ನಾಲ್ಕು ತಾಲ್ಲೂಕುಗಳು ಹಾಡಿನ ನೆಲವೆಂಬುದರಲ್ಲಿ ಎರಡು ಮಾತಿಲ್ಲ. ಹಿಂದೆ ಫ್ರೆಂಚ್ ರಾಕ್ಸ್ ಎಂದೂ ಹಿರೋಡೆ ಎಂದೂ ಕರೆಯಲ್ಪಡುತ್ತಿದ್ದ ಪಾಂಡವಪುರದ ತಾಲ್ಲೂಕಿನಲ್ಲಿಯೇ ಮೇಲುಕೋಟೆಯಿದೆ. ಗೀತನಾಟಕಗಳ ಕರ್ತೃ ಪು.ತಿ.ನ. ಅವರು 1905ರಲ್ಲಿ ಜನಿಸಿದ್ದು ಅಲ್ಲಿ. ಅತ್ತಿಕುಪ್ಪೆ ಎಂಬ ಹಳೆಯ ಹೆಸರಿದ್ದ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯು 1915ರಲ್ಲಿ ಜನಿಸಿದ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ಅವರ ಕವಿತೆಗಳು ಸುಗಮ ಸಂಗೀತದ ಕ್ಯಾಸೆಟ್ಟುಗಳ ಮೂಲಕ ಓದಲು ಬಾರದವರ ಮನೆಗಳನ್ನೂ ತಲುಪಿದವು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಅದೇ 1915ರಲ್ಲಿ ಜನಿಸಿದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಜನಪದ ಗಾಯನದ ಧ್ವನಿಮುದ್ರಣವನ್ನು ಒಂದು ಸಾಂಸ್ಥಿಕ ಕಾರ್ಯವನ್ನಾಗಿ ಮಾಡಿದರು. ಅದೇ ತಾಲ್ಲೂಕಿನ ಆದಿಚುಂಚನಗಿರಿಯ ಜೋಗಿ ಪರಂಪರೆ, ಮೇಲುಕೋಟೆಯ ವೈರಮುಡಿ, ಹೇಮಗಿರಿಯ ಜಾತ್ರೆ, ಶ್ರೀರಂಗಪಟ್ಟಣದ ರಂಗನಾಥನ ಉತ್ಸವಗಳು, ಇವುಗಳ ಜೊತೆಗೆ ಊರೂರಿನಲ್ಲಿ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಗಳು ಈ ಭಾಗದ ಹಾಡಿಕೆಯನ್ನು ಉಳಿಸಿಕೊಂಡು ಬಂದಿವೆ.

ಹತ್ತಿರದ ಜಲವಿದ್ಯುತ್ತು, ದೂರದ ಬೆಳಕು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರವು ಕಾರ್ಯಾರಂಭ ಮಾಡಿತು. ತಲಾ 720 ಕಿಲೋವಾಟಿನ ಆರು ಯಂತ್ರಗಳಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪಗಳು ಬಂದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯೊಂದಿಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದಾಗಿತ್ತು. ಹೀಗೆ ಈ ನಾಲ್ಕು ತಾಲ್ಲೂಕುಗಳ ನಡುವೆ ಶೇಖರಗೊಂಡ ನೀರು ಗಣಿಯ ಯಂತ್ರಗಳನ್ನು ತಿರುಗಿಸುತ್ತಿದ್ದ ಕಾಲದಲ್ಲಿ ಇಲ್ಲಿಯ ನಾಟಕಗಳು ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲಿ, ಕಾಲಿನಿಂದ ತುಳಿಯುವ ಹಾರ್ಮೋನಿಯಂನ ನಾದದಲ್ಲಿ ನಡೆಯುತ್ತಿದ್ದವು. ಧ್ವನಿವರ್ಧಕವಿಲ್ಲದ ರಂಗದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಬೇಕಾದುದರಿಂದ ಏರುಶ್ರುತಿಯೂ ತೆರೆದ ಕಂಠವೂ ನಟನ ಮೊದಲ ಅರ್ಹತೆಗಳಾಗಿದ್ದವು.

ಶಿವನಸಮುದ್ರದ ಯಂತ್ರಗಳ ಒಂದು ವೈಶಿಷ್ಟ್ಯವು ಇಲ್ಲಿ ಉಲ್ಲೇಖನೀಯ. ಅವು ಉತ್ಪಾದಿಸುತ್ತಿದ್ದುದು ಸೆಕೆಂಡಿಗೆ 25 ಆವೃತ್ತಿಯ ಪರ್ಯಾಯ ವಿದ್ಯುತ್ತು. ಇಂದಿನ ಆವೃತ್ತಿ 50. ದೊಡ್ಡ ಮೋಟಾರುಗಳಿಗೆ 25 ಆವೃತ್ತಿ ಅನುಕೂಲವಾಗಿತ್ತು. ಧ್ವನಿ ಉಪಕರಣಗಳಿಗೆ ಅದು ತೊಡಕಿನದು. 50 ಆವೃತ್ತಿಗೆಂದು ಸುತ್ತಿದ ಪರಿವರ್ತಕವನ್ನು ಅದೇ ವೋಲ್ಟೇಜಿನ 25 ಆವೃತ್ತಿಯ ತಂತಿಗೆ ಜೋಡಿಸಿದರೆ ಅದರ ಕಬ್ಬಿಣದ ತಿರುಳಿನಲ್ಲಿ ಕಾಂತಪ್ರವಾಹವು ಇಮ್ಮಡಿಯಾಗಬೇಕಾಗುತ್ತದೆ. ತಿರುಳು ಅದನ್ನು ತಾಳಲಾರದೆ ಸಂತೃಪ್ತವಾಗಿ, ಸುರುಳಿ ಕಾದು ಸುಟ್ಟುಹೋಗುತ್ತದೆ. ಆದುದರಿಂದ ಅಂತಹ ಜಾಲದಲ್ಲಿ ಉಪಕರಣದ ಹಿಂಬದಿಯ ಫಲಕದ ಮೇಲೆ ವೋಲ್ಟೇಜಿನಷ್ಟೇ ಆವೃತ್ತಿಯನ್ನೂ ನೋಡುವುದು ಅನಿವಾರ್ಯ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ, ನಾಡಿನ ಸಂಗೀತವು ವಿದ್ಯುತ್ತಿನ ಗುಣದೋಷಗಳನ್ನು ಅವಲಂಬಿಸುವ ಯುಗವು ಈ ಸೀಮೆಯ ನೆರೆಯಲ್ಲಿಯೇ ಮೊದಲಾಯಿತೆನ್ನಬಹುದು.

ಮೈಕ್ ಸೆಟ್ಟಿನ ಆಗಮನ

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾದ ಬಳಿಕ ಗ್ರಾಮಗಳ ವಿದ್ಯುದೀಕರಣವು ವ್ಯಾಪಕವಾಯಿತು. ಆದರೆ ಧ್ವನಿವರ್ಧಕವು ವಿದ್ಯುತ್ ಕಂಬಕ್ಕಾಗಿ ಕಾಯಬೇಕಾಗಿರಲಿಲ್ಲ. ಮೋಟಾರು ವಾಹನದ ಬ್ಯಾಟರಿಯಿಂದ ನಡೆಯುವ ಕವಾಟ ವರ್ಧಕಗಳು ಮೊದಲೇ ಬಳಕೆಗೆ ಬಂದಿದ್ದವು. ಬ್ಯಾಟರಿಯ 6 ಅಥವಾ 12 ವೋಲ್ಟನ್ನು ಕಂಪಿಸುವ ಒಂದು ಸ್ವಿಚ್ಚಿನ ಮೂಲಕ ಕಡಿಕಡಿದು, ಪರಿವರ್ತಕದಿಂದ ಏರಿಸಿ, ಕವಾಟಗಳಿಗೆ ಬೇಕಾದ ನೂರಾರು ವೋಲ್ಟನ್ನು ಪಡೆಯಲಾಗುತ್ತಿತ್ತು. ಆ ಸ್ವಿಚ್ಚಿನ ತುದಿಗಳು ಸವೆಯುವುದು ಆ ಕಾಲದ ಸಾಮಾನ್ಯ ದೋಷ. ಅನಂತರ ಟ್ರಾನ್ಸಿಸ್ಟರ್ ವರ್ಧಕಗಳು ಬಂದಾಗ ಬ್ಯಾಟರಿಯನ್ನು ನೇರವಾಗಿಯೇ ಜೋಡಿಸುವುದು ಸಾಧ್ಯವಾಯಿತು. ಜನರ ಬಾಯಲ್ಲಿ ಮೈಕ್ ಸೆಟ್ಟಿಗೆ ಪರ್ಯಾಯವೇ ಆಗಿಬಿಟ್ಟ ಅಹುಜಾ ವರ್ಧಕಗಳು ವಿದ್ಯುತ್ ಜಾಲದಿಂದಲೂ ಬ್ಯಾಟರಿಯಿಂದಲೂ ನಡೆಯುವಂತೆ ರಚಿತವಾಗಿದ್ದುದು ಅವುಗಳ ಜನಪ್ರಿಯತೆಗೆ ಒಂದು ಮುಖ್ಯ ಕಾರಣ. ವಿದ್ಯುತ್ತು ಹೋಗುವುದೇ ಸಹಜವಾಗಿದ್ದ ಕಡೆ ಇದು ಸೌಕರ್ಯಕ್ಕಿಂತ ಅಗತ್ಯವಾಗಿತ್ತು.

1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರವು ಕಾರ್ಯಾರಂಭ ಮಾಡುವವರೆಗೆ ರಾಜ್ಯದ ಉತ್ಪಾದನೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ. ಜಾತ್ರೆ, ನಾಟಕ, ಮದುವೆಗಳೆಲ್ಲ ಬೇಸಿಗೆಯಲ್ಲಿಯೇ ಹೆಚ್ಚು. ಜಲಾಶಯಗಳು ಬರಿದಾಗುವುದೂ ಬೇಸಿಗೆಯಲ್ಲಿಯೇ. ಸಂಗೀತದ ಋತುವೂ ವಿದ್ಯುತ್ ಅಭಾವದ ಋತುವೂ ಒಂದೇ ಆಗಿದ್ದುದು ಈ ಇತಿಹಾಸದ ಒಂದು ಪ್ರಮುಖ ಸಂಗತಿ.

ವೋಲ್ಟೇಜಿನ ಭೂಗೋಳ

ನಾಲ್ಕು ತಾಲ್ಲೂಕುಗಳಲ್ಲಿ ವಿದ್ಯುತ್ತಿನ ಗುಣವು ಒಂದೇ ತೆರನಾಗಿರಲಿಲ್ಲವೆಂಬುದನ್ನು ಭೂಮಿಯ ಸ್ವರೂಪದಿಂದಲೇ ವಿವರಿಸಬಹುದು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ ಸೇರಿದ ಗದ್ದೆಬಯಲಿನಲ್ಲಿ ನೀರು ತಾನಾಗಿ ಹರಿಯುತ್ತದೆ. ನಾಗಮಂಗಲದ ಬೆದ್ದಲು ಭೂಮಿಯಲ್ಲಿಯೂ ಕೃಷ್ಣರಾಜಪೇಟೆ ಮತ್ತು ಪಾಂಡವಪುರದ ಎತ್ತರದ ಭಾಗಗಳಲ್ಲಿಯೂ ನೀರನ್ನು ಬಾವಿಯಿಂದಲೋ ಕೊಳವೆಬಾವಿಯಿಂದಲೋ ಪಂಪಿನಿಂದ ಎತ್ತಬೇಕು. ಐದು ಅಶ್ವಶಕ್ತಿಯ ಹತ್ತಾರು ಪಂಪುಗಳು ಒಂದು ಪರಿವರ್ತಕದ ಮೇಲೆ ಬಿದ್ದಾಗ, ಉದ್ದನೆಯ ತಂತಿಯ ತುದಿಯಲ್ಲಿರುವ ಗುಡಿಯಲ್ಲಿ 230 ವೋಲ್ಟು ಇರಬೇಕಾದೆಡೆ ಅದಕ್ಕಿಂತ ಬಹಳ ಕಡಿಮೆ ದೊರೆಯುವುದು ಸಹಜ. ರಾತ್ರಿ ವೇಳೆ ಒಂದೇ ಫೇಸಿನಲ್ಲಿ ವಿದ್ಯುತ್ ಕೊಡುವ ಪದ್ಧತಿ ಬಂದಾಗ ರೈತರು ಕಂಡೆನ್ಸರ್ ಜೋಡಿಸಿ ಮೂರು ಫೇಸಿನ ಮೋಟಾರನ್ನೇ ಅದರ ಮೇಲೆ ಓಡಿಸಿದರು. ಬೆಳೆ ಒಣಗುತ್ತಿರುವಾಗ ಅದನ್ನು ತಪ್ಪೆನ್ನಲಾಗದು; ಆದರೆ ಅದೇ ಫೇಸಿನ ಮೇಲಿದ್ದ ನಾಟಕದ ವರ್ಧಕಕ್ಕೆ ಅದರ ಫಲ ತಟ್ಟದೆ ಇರಲಿಲ್ಲ. ನೀರಿನ ಅಗತ್ಯ ಮತ್ತು ಹಾಡಿನ ಅಗತ್ಯಗಳ ನಡುವಣ ಈ ಸ್ಪರ್ಧೆಯು ಅಧಿಕೃತ ಅಂಕಿ ಅಂಶಗಳಲ್ಲಿ ಕಾಣುವಂತಹುದಲ್ಲ.

ನಿಯಂತ್ರಕವಿಲ್ಲದ ಹಳೆಯ ವರ್ಧಕದ ಗರಿಷ್ಠ ಧ್ವನಿಶಕ್ತಿಯು ಸುಮಾರಾಗಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230ರ ಬದಲು 170 ವೋಲ್ಟು ಬಂದರೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು ಶಕ್ತಿ ಮಾತ್ರ. ಅದನ್ನು ಸರಿದೂಗಿಸಲು ಗುಂಡಿಯನ್ನು ತಿರುಗಿಸಿದರೆ ಧ್ವನಿ ಒಡೆಯುತ್ತದೆ. ಸ್ಟೆಬಿಲೈಸರ್ ಇಟ್ಟರೂ ಅದು ಕೊರತೆಯನ್ನು ಒಂದು ಮಿತಿಯವರೆಗೆ ಮಾತ್ರ ತುಂಬಬಲ್ಲದು. 2008ರ ನಂತರದ ವರ್ಷಗಳಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಪಂಪುಗಳ ಮಾರ್ಗವನ್ನೂ ಗ್ರಾಮಗಳ ಮಾರ್ಗವನ್ನೂ ಬೇರ್ಪಡಿಸಲು ಕೈಗೊಂಡ ಕಾರ್ಯದ ಮಹತ್ವವನ್ನು ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು.

ದುರಸ್ತಿಗಾರರ ಶಾಸ್ತ್ರ

ವಿದ್ಯುತ್ತಿನ ಈ ಅವ್ಯವಸ್ಥೆಯು ತಾಲ್ಲೂಕು ಕೇಂದ್ರಗಳ ರೇಡಿಯೋ ದುರಸ್ತಿ ಅಂಗಡಿಗಳಲ್ಲಿ ಮತ್ತು ಮೈಕ್ ಸೆಟ್ಟಿನವರಲ್ಲಿ ಒಂದು ಬಗೆಯ ಶಾಸ್ತ್ರವನ್ನು ಬೆಳೆಸಿತು. ಅದರ ಮೊದಲ ಸಾಧನ ಸೀರೀಸ್ ಬಲ್ಬು. ಕೆಟ್ಟ ವರ್ಧಕವನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸದೆ 100 ವಾಟಿನ ತಂತುದೀಪವೊಂದರ ಮೂಲಕ ಜೋಡಿಸುತ್ತಾರೆ. ದೀಪವು ಒಮ್ಮೆ ಹೊಳೆದು ಮಂಕಾದರೆ ಒಳಗಿನ ಕಂಡೆನ್ಸರುಗಳು ತುಂಬಿಕೊಂಡು ಸ್ಥಿರವಾದವೆಂದು ಅರ್ಥ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ಪರಿವರ್ತಕ, ಡಯೋಡು, ಶಕ್ತಿ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಫ್ಯೂಸ್ ಸುಟ್ಟಿತೆಂದು ದಪ್ಪ ತಂತಿ ಕಟ್ಟುವವನಿಗೂ ಫ್ಯೂಸ್ ಏಕೆ ಸುಟ್ಟಿತೆಂದು ಕೇಳುವವನಿಗೂ ಇರುವ ವ್ಯತ್ಯಾಸವೇ ಈ ವೃತ್ತಿಯ ವಿವೇಕ.

ಎರಡನೆಯದು ಕಿವಿ. ಧ್ವನಿವರ್ಧಕದ ಗುಂಯ್‌ಗುಡುವಿಕೆಯಲ್ಲಿ ಎರಡು ಬಗೆಯುಂಟು. ಪರ್ಯಾಯ ವಿದ್ಯುತ್ತಿನ ಎರಡೂ ಅರ್ಧಗಳನ್ನು ಬಳಸುವ ವರ್ಧಕದಲ್ಲಿ ಸೋಸುವ ಕಂಡೆನ್ಸರ್ ಒಣಗಿದ್ದರೆ ಬರುವುದು 100 ಆವೃತ್ತಿಯ ಗಡುಸು ನಾದ. ಮೈಕಿನ ತಂತಿಯ ಹೊದಿಕೆ ಕಡಿದಿದ್ದರೆ ಅಥವಾ ಭೂಸಂಪರ್ಕ ಸರಿಯಿಲ್ಲದಿದ್ದರೆ ಕೇಳುವುದು 50 ಆವೃತ್ತಿಯ ಮಂದ್ರ ನಾದ ಮತ್ತು ಅದರ ಅನುನಾದಗಳು. ಇವುಗಳಲ್ಲಿ 150 ಆವೃತ್ತಿಯ ಅನುನಾದವು ಗಾಯಕರಿಗೆ ವಿಶೇಷವಾಗಿ ಬಾಧಕ. ಹಾರ್ಮೋನಿಯಂನ ಎರಡನೆಯ ಬಿಳಿಮನೆಯ ಮಂದ್ರದ ನಾದವು ಸುಮಾರು 147 ಆವೃತ್ತಿಯದು. ಆ ಶ್ರುತಿಯಲ್ಲಿ ಹಾಡುವವರಿಗೆ ಷಡ್ಜದೊಡನೆ ಸೆಕೆಂಡಿಗೆ ಮೂರು ಬಾರಿ ಮಿಡಿಯುವ ಅಪಶ್ರುತಿಯೊಂದು ಬೆನ್ನು ಹತ್ತುತ್ತದೆ. ವಾದ್ಯಗಳೆಲ್ಲ ಸರಿಯಾಗಿದ್ದೂ ಶ್ರುತಿ ಸೇರದಂತೆ ತೋರುವುದಕ್ಕೆ ಇಂತಹ ಕಾರಣವೂ ಇರುವುದು ಸಾಧ್ಯ.

ಮೂರನೆಯದು ನೆಲದ ಅರಿವು. ಭೂಸಂಪರ್ಕಕ್ಕೆ ಒದ್ದೆ ಮಣ್ಣು ಉತ್ತಮ. ಒಣಗಿದ ಕೆಂಪು ಮಣ್ಣು ವಿದ್ಯುತ್ತಿಗೆ ಹೆಚ್ಚಿನ ತಡೆ ಒಡ್ಡುತ್ತದೆ. ಗದ್ದೆಬಯಲಿನ ಊರಿನಲ್ಲಿ ಸಾಲುವ ಕಂಬಿಯೇ ಬೇಸಿಗೆಯ ಬೆದ್ದಲಿನ ಊರಿನಲ್ಲಿ ಸಾಲುವುದಿಲ್ಲ. ಅಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ನೀರು ಹಾಕಬೇಕು. ಲೋಹದ ಮೈಕನ್ನು ತುಟಿಯ ಬಳಿ ಹಿಡಿಯುವ, ಬೆವರಿದ ಬರಿಗಾಲಿನಲ್ಲಿ ನಿಲ್ಲುವ ನಟನಿಗೆ ಇದು ಪ್ರಾಣದ ಪ್ರಶ್ನೆ. ಗುಂಯ್‌ಗುಡುವಿಕೆ ನಿಲ್ಲಲೆಂದು ಭೂಸಂಪರ್ಕದ ತಂತಿಯನ್ನೇ ಕಿತ್ತುಹಾಕುವ ಅಭ್ಯಾಸವು ಆದುದರಿಂದ ಅತ್ಯಂತ ಅಪಾಯಕರ. ಎಲ್ಲ ಉಪಕರಣಗಳಿಗೂ ಒಂದೇ ಹಲಗೆಯಿಂದ ವಿದ್ಯುತ್ ಕೊಟ್ಟು, ಎರಡು ದಾರಿಯ ಭೂಸಂಪರ್ಕವನ್ನು ತಪ್ಪಿಸುವುದೇ ಅದಕ್ಕೆ ಸರಿಯಾದ ಪರಿಹಾರ.

ನಾಲ್ಕನೆಯದಾಗಿ, ನ್ಯೂಟ್ರಲ್ ತಂತಿಯ ಎಚ್ಚರ. ಅಟ್ಟದ ದೀಪಗಳನ್ನು ಒಂದು ಫೇಸಿಗೂ ಧ್ವನಿ ಉಪಕರಣಗಳನ್ನು ಮತ್ತೊಂದು ಫೇಸಿಗೂ ಜೋಡಿಸಿ ನ್ಯೂಟ್ರಲನ್ನು ಸಮಾನವಾಗಿ ಬಳಸಿದ್ದಾಗ, ಆ ನ್ಯೂಟ್ರಲ್ ಕಡಿದರೆ ಎರಡು ಫೇಸುಗಳ ನಡುವಣ ಸುಮಾರು 400 ವೋಲ್ಟು ಎರಡೂ ಹೊರೆಗಳ ಮೇಲೆ ಹಂಚಿಹೋಗುತ್ತದೆ. ಹಗುರವಾದ ಹೊರೆಗೆ ಹೆಚ್ಚಿನ ಪಾಲು. ದೀಪಗಳು ಮಂಕಾಗುವ ಕ್ಷಣದಲ್ಲಿಯೇ ಕೀಬೋರ್ಡು, ವರ್ಧಕಗಳು ಸುಟ್ಟುಹೋಗುವುದಕ್ಕೆ ಕಾರಣವಿದು.

ವಿದ್ಯುನ್ಮಾನ ವಾದ್ಯಗಳು

1970ರ ದಶಕದ ಕೊನೆಯಿಂದ ಬೆಂಗಳೂರಿನಲ್ಲಿ ಜಿ. ರಾಜನಾರಾಯಣ ಅವರ ರಾಡೆಲ್ ಸಂಸ್ಥೆಯು ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿ, ತಾಳಯಂತ್ರಗಳನ್ನು ತಯಾರಿಸತೊಡಗಿತು. ಸ್ವತಃ ಕೊಳಲುವಾದಕರೂ ಎಂಜಿನಿಯರರೂ ಆಗಿದ್ದ ಅವರ ಈ ಕಾರ್ಯದಿಂದ ತಂತಿಯನ್ನು ಮೀಟುವ ಕೈಯ ಬದಲು ವಿದ್ಯುನ್ಮಂಡಲವೊಂದು ಶ್ರುತಿಗೆ ಹೊಣೆಯಾಯಿತು. ಅನಂತರ ಪೌರಾಣಿಕ ನಾಟಕದ ಹಾರ್ಮೋನಿಯಂ ಪಕ್ಕಕ್ಕೆ ಕ್ಯಾಸಿಯೋ, ಯಮಹಾ ಕೀಬೋರ್ಡುಗಳು ಬಂದವು. ಇವುಗಳೊಡನೆ ದೋಷಗಳ ಸ್ವರೂಪವೂ ಬದಲಾಯಿತು. ಹಳೆಯ ಕ್ಯಾಸಿಯೋ ಕೀಬೋರ್ಡುಗಳ ಅಡಾಪ್ಟರಿನ ಒಳತುದಿ ಋಣ, ಯಮಹಾದ್ದು ಧನ. ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಹಾಕಿದರೆ ರಕ್ಷಣೆಯ ಡಯೋಡು ಮಾತ್ರ ಹೋಗಬಹುದು, ಇಡೀ ಮಂಡಲವೂ ಹೋಗಬಹುದು. ಅಗ್ಗದ ಇನ್ವರ್ಟರುಗಳ ಚೌಕತರಂಗವು ವರ್ಧಕದಲ್ಲಿ ಕರಕರ ಸದ್ದನ್ನು ತರುತ್ತದೆ. ಬಾಡಿಗೆಯ ಜನರೇಟರಿನ ವೇಗವು ದೀಪಗಳನ್ನು ಹಾಕಿ ಆರಿಸಿದಂತೆಲ್ಲ ಏರಿಳಿದು ವೋಲ್ಟೇಜನ್ನೂ ಆವೃತ್ತಿಯನ್ನೂ ತೂಗಾಡಿಸುತ್ತದೆ. ಹಾರ್ಮೋನಿಯಂ ಮೇಷ್ಟ್ರು ರೀಡನ್ನು ತಾವೇ ಕೆರೆದು ಶ್ರುತಿ ಸರಿಪಡಿಸಿಕೊಳ್ಳುತ್ತಿದ್ದರು. ಕೀಬೋರ್ಡು ಬಂದ ಮೇಲೆ ವಾದ್ಯದ ಆರೋಗ್ಯವು ನುಡಿಸುವವರ ಕೈಯಿಂದ ದುರಸ್ತಿಗಾರರ ಕೈಗೆ ಜಾರಿತು.

ಆವೃತ್ತಿ ಮತ್ತು ಧ್ವನಿಮುದ್ರಿಕೆಯ ಪ್ರಾಮಾಣ್ಯ

ಸಂಶೋಧಕರಿಗೆ ಅತಿ ಮುಖ್ಯವಾದ ಸಂಗತಿ ಆವೃತ್ತಿಗೆ ಸಂಬಂಧಿಸಿದುದು. ಬೇಡಿಕೆಯು ಉತ್ಪಾದನೆಯನ್ನು ಮೀರಿದಾಗ ಇಡೀ ಜಾಲದ ಆವೃತ್ತಿ ಇಳಿಯುತ್ತದೆ. 2003ರ ಜನವರಿಯಲ್ಲಿ ಲಭ್ಯತೆ ಆಧಾರಿತ ದರಪದ್ಧತಿಯು ಜಾರಿಗೆ ಬರುವ ಮುನ್ನ ದಕ್ಷಿಣ ವಲಯದ ಜಾಲದಲ್ಲಿ ಆವೃತ್ತಿಯು 50ಕ್ಕಿಂತ ಬಹಳ ಕೆಳಗೆ ಇಳಿಯುವುದು ಸಾಮಾನ್ಯವಾಗಿತ್ತು. 2013ರ ಡಿಸೆಂಬರ್ 31ರಂದು ದಕ್ಷಿಣ ಜಾಲವು ರಾಷ್ಟ್ರೀಯ ಜಾಲದೊಡನೆ ಬೆಸೆದ ಬಳಿಕ ಅದು ಇನ್ನಷ್ಟು ಸ್ಥಿರವಾಯಿತು. ಜಾಲದ ಆವೃತ್ತಿಯನ್ನೇ ಅನುಸರಿಸಿ ತಿರುಗುವ ಮೋಟಾರುಳ್ಳ ಗ್ರಾಮಫೋನು ಅಥವಾ ಟೇಪ್ ರೆಕಾರ್ಡರು 48 ಆವೃತ್ತಿಯಲ್ಲಿ ಶೇಕಡಾ 4ರಷ್ಟು ನಿಧಾನವಾಗಿ ತಿರುಗುತ್ತದೆ. ಮೂರು ನಿಮಿಷದ ಹಾಡು ಏಳೂವರೆ ಸೆಕೆಂಡು ಹಿಗ್ಗುತ್ತದೆ. ಶ್ರುತಿಯು ಒಂದು ಅರ್ಧಸ್ವರದ ಹತ್ತರಲ್ಲಿ ಏಳು ಭಾಗದಷ್ಟು ಇಳಿಯುತ್ತದೆ.

ಮುದ್ರಣದ ಸಂದರ್ಭದಲ್ಲಿ ಇದು ತಿರುಗುಮುರುಗಾಗುತ್ತದೆ. ಅಂತಹ ಯಂತ್ರದಲ್ಲಿ 48 ಆವೃತ್ತಿಯಿದ್ದಾಗ ಮುದ್ರಿಸಿದ ಹಾಡನ್ನು ಇಂದು ಸರಿಯಾದ ವೇಗದಲ್ಲಿ ಕೇಳಿದರೆ ಶ್ರುತಿ ಅಷ್ಟೇ ಪ್ರಮಾಣದಲ್ಲಿ ಏರಿರುತ್ತದೆ. ಸೋಬಾನೆಯ ಹಾಡುಗಾರ್ತಿಯೊಬ್ಬರ ಅಥವಾ ತಂಬೂರಿಯವರೊಬ್ಬರ ಶ್ರುತಿ ಇಂತಹುದೆಂದು, ಅವರ ಲಯ ಇಷ್ಟು ವೇಗದ್ದೆಂದು ಟೇಪಿನಿಂದ ನಿರ್ಣಯಿಸುವವರು ಈ ದೋಷವನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಮುದ್ರಿಕೆಯಲ್ಲಿ ಉಳಿದಿರುವ ವಿದ್ಯುತ್ತಿನ ಗುಂಯ್‌ಗುಡುವಿಕೆಯೇ ಇಲ್ಲಿ ಸಾಕ್ಷಿಯಾಗಬಲ್ಲದು. ಜಾಲದ ಆವೃತ್ತಿಯ ಏರಿಳಿತವು ಧ್ವನಿಮುದ್ರಿಕೆಯಲ್ಲಿ ಗುರುತು ಬಿಡುತ್ತದೆಯೆಂಬ ತತ್ತ್ವವನ್ನು ರುಮೇನಿಯಾದ ಕ್ಯಾಟಲಿನ್ ಗ್ರಿಗೊರಾಸ್ ಅವರು 2000ದ ದಶಕದಲ್ಲಿ ನ್ಯಾಯವಿಜ್ಞಾನದ ಪರೀಕ್ಷೆಗೆ ಅಳವಡಿಸಿದರು. ಜಾನಪದ ಮುದ್ರಿಕೆಗಳಿಗೆ ಅದನ್ನು ಅನ್ವಯಿಸುವಾಗ ಯಂತ್ರದ ಬಗೆ ತಿಳಿದಿರಬೇಕು. ಬ್ಯಾಟರಿಯ ಯಂತ್ರದಲ್ಲಿ, ಚಪ್ಪರದ ಮೈಕ್ ಸೆಟ್ಟಿನ ಸದ್ದಿನೊಡನೆ ಮುದ್ರಿಸಿದ ಟೇಪಿನಲ್ಲಿ ಗುಂಯ್‌ಗುಡುವಿಕೆಯು 52.6 ಆವೃತ್ತಿಯೆಂದು ಅಳತೆಗೆ ಬಂದರೆ, ಜಾಲವು ಅಷ್ಟು ಮೇಲೆ ಇರುವುದು ಅಸಂಭವವಾದುದರಿಂದ, ಬ್ಯಾಟರಿ ಇಳಿದು ಟೇಪು ಸುಮಾರು ಶೇಕಡಾ 5ರಷ್ಟು ನಿಧಾನವಾಗಿ ಓಡಿತ್ತೆಂದು ಊಹಿಸಬಹುದು. ಆದರೆ ಜಾಲದ ಆವೃತ್ತಿಯನ್ನೇ ಅನುಸರಿಸುವ ಯಂತ್ರದಲ್ಲಿ ಟೇಪಿನ ವೇಗವೂ ಗುಂಯ್‌ಗುಡುವಿಕೆಯೂ ಒಟ್ಟಿಗೇ ಇಳಿದಿರುವುದರಿಂದ ಇಂದು ಕೇಳುವಾಗ ಅದು 50 ಎಂದೇ ತೋರುತ್ತದೆ. ದೋಷವಿದ್ದೂ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಆಗ ಹಾರ್ಮೋನಿಯಂನಂತಹ ಸ್ಥಿರಶ್ರುತಿಯ ವಾದ್ಯವೊಂದು ಅದೇ ಮುದ್ರಿಕೆಯಲ್ಲಿದ್ದರೆ ಮಾತ್ರ ಪರಿಶೀಲನೆ ಸಾಧ್ಯ.

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಗುಂಯ್‌ಗುಡುವಿಕೆಯನ್ನು ಕೊಳೆಯೆಂದು ತೊಳೆದುಹಾಕಿದ ಪ್ರತಿಯನ್ನು ಮಾತ್ರ ಉಳಿಸಿಕೊಳ್ಳುವುದು ಶಾಸನದ ಕಲ್ಲನ್ನು ಉಜ್ಜಿ ನುಣುಪು ಮಾಡಿದಂತೆ. ಕೇಳುಗರಿಗಾಗಿ ಶುದ್ಧಗೊಳಿಸಿದ ಪ್ರತಿಯೊಡನೆ ಶುದ್ಧಗೊಳಿಸದ ಮೂಲಪ್ರತಿಯನ್ನೂ ಸಂರಕ್ಷಿಸಬೇಕು. ಎರಡನೆಯದು, ಹಾಡಿದವರ ಹೆಸರು, ಊರು, ದಿನಾಂಕಗಳೊಡನೆ ಮುದ್ರಣಯಂತ್ರ ಯಾವುದು, ಅದು ಬ್ಯಾಟರಿಯದೋ ಜಾಲದ ವಿದ್ಯುತ್ತಿನದೋ, ಜನರೇಟರು ಇತ್ತೇ ಎಂಬ ವಿವರಗಳೂ ಸೂಚಿಯಲ್ಲಿ ದಾಖಲಾಗಬೇಕು. ಹಳೆಯ ಮುದ್ರಿಕೆಗಳ ಬಗ್ಗೆ ಈ ವಿವರಗಳನ್ನು ಹೇಳಬಲ್ಲವರು ಅಂದು ಯಂತ್ರ ಹಿಡಿದು ಹೋದವರು, ಮೈಕ್ ಸೆಟ್ಟಿನವರು ಮತ್ತು ದುರಸ್ತಿಗಾರರು. ಕವಾಟ ಮತ್ತು ಸ್ಪೂಲ್ ಟೇಪಿನ ಕಾಲದಲ್ಲಿ ದುಡಿದ ಆ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಅವರ ಜ್ಞಾನವು ಪುಸ್ತಕದಲ್ಲಿಲ್ಲ. ಕಿವಿಯಲ್ಲಿ, ಬೆರಳಿನಲ್ಲಿ, ನೆನಪಿನಲ್ಲಿದೆ. ಹಾಡುಗಾರರ ಜೀವನ ವೃತ್ತಾಂತಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಅವರ ಹೇಳಿಕೆಗಳನ್ನೂ ತಾಲ್ಲೂಕುವಾರು ಸಂಗ್ರಹಿಸಿದಲ್ಲಿ, ನಾಲ್ಕು ತಾಲ್ಲೂಕುಗಳ ಹಾಡನ್ನು ಅದು ಹಾಡಲ್ಪಟ್ಟ ಶ್ರುತಿಯಲ್ಲಿಯೇ ಮುಂದಿನವರು ಕೇಳಲು ಸಾಧ್ಯವಾದೀತು.